ಕೇಳದೆ ಬಂದ ಕೊಸರು

ಸಂತೆಯ ವ್ಯವಹಾರವನ್ನು ಬಲ್ಲ ನಮ್ಮ ಹಿರಿಯರು ಬಳಕೆಯಲ್ಲಿಟ್ಟುಕೊಂಡು ಬಂದ ಅಂದವಾದ ಮಾತೊಂದಿದೆ: ಕೊಸರು. ತಕ್ಕಡಿಯ ಎರಡೂ ತಟ್ಟೆಗಳು ಸಮನಾಗಿ ನಿಂತ ಮೇಲೆ, ಕಾಯಿಪಲ್ಲೆ ಮಾರುವವಳು ತಾನಾಗಿ ಎತ್ತಿ ಹಾಕುವ ಒಂದು ಹಿಡಿ ಸೊಪ್ಪು, ನಾಲ್ಕು ಹಸಿಮೆಣಸಿನಕಾಯಿ, ಇಷ್ಟು ಕೊತ್ತಂಬರಿ, ಇದೇ ಕೊಸರು. ಅದಕ್ಕೆ ಬೆಲೆಯಿಲ್ಲ, ಆದರೆ ಮರ್ಯಾದೆಯಿದೆ. ಕೊಸರಿಗೆ ಮೂರು ಲಕ್ಷಣಗಳನ್ನು ಹೇಳಬಹುದು. ಅದರಿಂದ ಲಾಭವಾಗುವುದು ಕೊಳ್ಳುವವರಿಗೆ. ಅದು ಬೀಳುವುದು ಗಿರಾಕಿಯ ಕಣ್ಣೆದುರಿನಲ್ಲಿ. ಬೇಡವೆನಿಸಿದರೆ ಅದನ್ನು ಅಲ್ಲಿಯೇ ತೆಗೆದಿಟ್ಟು ಬರಬಹುದು. ಈ ಮೂರರಲ್ಲಿ ಒಂದೂ ಇಲ್ಲದ ಹೊಸ ಬಗೆಯ ಕೊಸರೊಂದು ಎರಡು ದಶಕಗಳಿಂದ ನಮ್ಮ ಮನೆಗಳನ್ನು ಹೊಕ್ಕಿದೆ. ಅದರ ವಿಚಾರವನ್ನು ಈ ತಿಂಗಳು ಓದುಗ ಬಂಧುಗಳ ಮುಂದೆ ಇಡಬಯಸುತ್ತೇವೆ.

ಗಣಕಯಂತ್ರದಲ್ಲಿ ಒಂದು ತಂತ್ರಾಂಶವನ್ನು ಸ್ಥಾಪಿಸಲು ಹೊರಟಾಗ ಅದರ ಬೆನ್ನು ಹಿಡಿದು ಒಳಗೆ ಬರುವ, ನಾವು ಕೇಳದೆ ಇದ್ದ ಬೇರೆ ತಂತ್ರಾಂಶಗಳ ಮಾತಿದು. ಇದು ಪಟ್ಟಣದ ಕಚೇರಿಗಳಿಗೆ ಮಾತ್ರ ಸಂಬಂಧಿಸಿದ್ದು, ನಮ್ಮ ಹಳ್ಳಿಗಳಿಗೇನು ಎಂದು ಯಾರೂ ತಿಳಿಯಬಾರದು. ಅಕಿವಾಟ, ದತ್ತವಾಡ, ಖಿದ್ರಾಪುರಗಳಂತಹ ಊರುಗಳಲ್ಲಿಯೂ, ಇಚಲಕರಂಜಿಯ ಮಗ್ಗದ ಮಾಲಕರ ಮನೆಗಳಲ್ಲಿಯೂ, ಗಡಹಿಂಗ್ಲಜದ ಅಂಗಡಿಗಳಲ್ಲಿಯೂ ಇಂದು ಒಂದಲ್ಲ ಒಂದು ಯಂತ್ರವಿದೆ. ಹೊಲದ ಸಾತಬಾರಾ ಉತಾರೆಯಿಂದ ಹಿಡಿದು ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಯವರೆಗೆ ಎಲ್ಲವೂ ಅದರ ಮೂಲಕವೇ ಸಾಗುತ್ತವೆ. 2001ರಲ್ಲಿ ಮಹಾರಾಷ್ಟ್ರದಲ್ಲಿ ಎಂ.ಎಸ್.-ಸಿ.ಐ.ಟಿ. ಪಾಠಕ್ರಮ ಆರಂಭವಾದ ಮೇಲೆ ನಮ್ಮ ತರುಣ ತರುಣಿಯರು ದೊಡ್ಡ ಸಂಖ್ಯೆಯಲ್ಲಿ ಈ ವಿದ್ಯೆಯನ್ನು ಕಲಿತಿದ್ದಾರೆ. ಆದರೂ ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ, ಪರದೆಯ ಮೇಲಿನ ಮಾತು ಇಂಗ್ಲಿಷ್ ಆಗಿರುವ ನಮ್ಮಂತಹ ಕುಟುಂಬಗಳಲ್ಲಿ, ಪರದೆಯ ಮೇಲಿರುವುದನ್ನು ಪೂರ್ತಿಯಾಗಿ ಓದಿ ಗುಂಡಿ ಒತ್ತುವವರು ವಿರಳ. ಈ ಹೊಸ ಕೊಸರು ನಂಬಿಕೊಂಡಿರುವುದು ಇದನ್ನೇ.

ಅದು ಬರುವ ಬಗೆಯನ್ನು ಮೊದಲು ತಿಳಿಯೋಣ. ಯಾವುದೇ ತಂತ್ರಾಂಶವು ಯಂತ್ರದಲ್ಲಿ ನೆಲೆಯೂರಬೇಕಾದರೆ ಅದನ್ನು ಕಟ್ಟು ಬಿಚ್ಚಿ ಹೊಂದಿಸುವ ಒಂದು ಸಣ್ಣ ತಂತ್ರಾಂಶ ಬೇಕು. ಅದಕ್ಕೆ ಇನ್‌ಸ್ಟಾಲರ್ ಎನ್ನುತ್ತಾರೆ. ಅದು ಒಂದರ ಮೇಲೊಂದು ನಾಲ್ಕೈದು ಪುಟಗಳನ್ನು ತೋರಿಸುತ್ತದೆ. ಪ್ರತಿಯೊಂದರ ಕೆಳಗೂ 'ನೆಕ್ಸ್ಟ್', ಎಂದರೆ 'ಮುಂದೆ', ಎಂಬ ಗುಂಡಿಯಿರುತ್ತದೆ. ಮೊದಲ ಎರಡು ಪುಟಗಳಲ್ಲಿ ಏನೂ ಇರುವುದಿಲ್ಲವಾದ್ದರಿಂದ ಬೆರಳು ತಾನಾಗಿ ಒತ್ತಲು ರೂಢಿಯಾಗುತ್ತದೆ. ಮೂರನೆಯ ಪುಟದಲ್ಲಿ ಸಣ್ಣ ಅಕ್ಷರದ ಒಂದು ಸಾಲು, ಅದರ ಮುಂದೆ ಒಂದು ಪುಟ್ಟ ಚೌಕ, ಆ ಚೌಕದಲ್ಲಿ ಆಗಲೇ ಹಾಕಿಟ್ಟ ಒಂದು ಗುರುತು. ಇಂಥ ಹುಡುಕುಪಟ್ಟಿಯನ್ನೂ, ಇಂಥ ರಕ್ಷಣಾ ತಂತ್ರಾಂಶವನ್ನೂ ಸ್ಥಾಪಿಸಲು ಒಪ್ಪಿದ್ದೇನೆ ಎಂಬುದು ಆ ಸಾಲಿನ ತಾತ್ಪರ್ಯ. ಗುರುತು ಹಾಕಿದವರು ನಾವಲ್ಲ, ಆದರೆ ಅದನ್ನು ತೆಗೆಯದೆ ಮುಂದೆ ಹೋದವರು ನಾವಾದ್ದರಿಂದ ಒಪ್ಪಿಗೆ ನಮ್ಮದೆಂದು ಬರೆದುಕೊಳ್ಳಲಾಗುತ್ತದೆ.

ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. 'ಎಕ್ಸ್‌ಪ್ರೆಸ್' ಮತ್ತು 'ಕಸ್ಟಮ್' ಎಂಬ ಎರಡು ದಾರಿಗಳನ್ನು ತೋರಿಸಿ, ಮೊದಲನೆಯದರ ಪಕ್ಕದಲ್ಲಿ 'ಇದೇ ಉತ್ತಮ' ಎಂದು ಬರೆದಿರುತ್ತಾರೆ. ಸುಲಭದ ದಾರಿ ಹಿಡಿದವರಿಗೆ ಚೌಕದ ದರ್ಶನವೇ ಆಗುವುದಿಲ್ಲ. ಚೌಕವಿರುವುದು ಎರಡನೆಯ ದಾರಿಯಲ್ಲಿ, ಅದಕ್ಕೆ 'ಬಲ್ಲವರಿಗೆ ಮಾತ್ರ' ಎಂಬ ಹೆದರಿಕೆಯ ಹಣೆಪಟ್ಟಿ. ಇನ್ನು ಕೆಲವರು ಕರಾರುಪತ್ರದ ಪುಟವನ್ನು ಎರಡು ಬಾರಿ ತೋರಿಸುತ್ತಾರೆ. ಮೊದಲನೆಯದು ನಾವು ಬಯಸಿದ ತಂತ್ರಾಂಶದ್ದು, ಎರಡನೆಯದು ನೋಡಲು ತದ್ರೂಪವಾಗಿದ್ದರೂ ಬೇರೊಂದು ತಂತ್ರಾಂಶದ್ದು. 'ಒಪ್ಪಿದೆ' ಎಂಬ ಗುಂಡಿ ಎರಡರಲ್ಲಿಯೂ ಒಂದೇ ಜಾಗದಲ್ಲಿ ಹೊಳೆಯುತ್ತಿರುತ್ತದೆ. 'ಬೇಡ' ಎಂಬುದು ಒತ್ತಲು ಬಾರದೇನೋ ಎನ್ನುವಷ್ಟು ಮಸುಕಾಗಿರುತ್ತದೆ. ಬೇಡವೆಂದರೆ ಬಯಸಿದ್ದೂ ತಪ್ಪಿಹೋದೀತೆಂಬ ಅಂಜಿಕೆಯಿಂದ ಅನೇಕರು ಒಪ್ಪಿಬಿಡುತ್ತಾರೆ.

ಇಷ್ಟೆಲ್ಲ ಜಾಣತನವನ್ನು ಯಾರೂ ಪುಕ್ಕಟೆಯಾಗಿ ಮಾಡುವುದಿಲ್ಲ. ಒಂದೊಂದು ಸ್ಥಾಪನೆಗೂ ಇಷ್ಟು ಹಣವೆಂದು ಕೊಡುವ ದೊಡ್ಡ ದಲಾಲಿಯ ಪೇಟೆಯೇ ಇದರ ಹಿಂದೆ ಬೆಳೆದಿದೆ. 2016ರಲ್ಲಿ ಗೂಗಲ್ ಸಂಸ್ಥೆಯವರೂ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರೂ ಕೂಡಿ, ಈ ಪೇಟೆಯ ಬಹು ದೊಡ್ಡ ನಾಲ್ಕು ಜಾಲಗಳನ್ನು ಪರಿಶೀಲಿಸಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಒಂದು ಸ್ಥಾಪನೆಗೆ 10 ಸೆಂಟಿನಿಂದ ಒಂದೂವರೆ ಡಾಲರಿನವರೆಗೆ ಹಣ ಸಲ್ಲುತ್ತಿದ್ದುದನ್ನೂ, ವಾರವೊಂದಕ್ಕೆ 6 ಕೋಟಿಗೂ ಮಿಕ್ಕಿದ ಇಳಿಸುವಿಕೆಯ ಯತ್ನಗಳು ಈ ಜಾಲಗಳಿಂದ ನಡೆಯುತ್ತಿದ್ದುದನ್ನೂ, ಇದು ಶುದ್ಧ ದುಷ್ಟ ತಂತ್ರಾಂಶಗಳ ಹಾವಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚೆಂಬುದನ್ನೂ ಅವರು ತೋರಿಸಿಕೊಟ್ಟರು. ಹಣ ಕೊಟ್ಟು ಒಳಗೆ ನುಗ್ಗುತ್ತಿದ್ದವು ಮುಖ್ಯವಾಗಿ ಮೂರು ಬಗೆಯವು: ನಾವು ನೋಡುವ ಪುಟಗಳಲ್ಲಿ ತಮ್ಮ ಜಾಹೀರಾತುಗಳನ್ನು ತುರುಕುವಂಥವು, ಮುಖಪುಟವನ್ನೂ ಹುಡುಕುಯಂತ್ರವನ್ನೂ ಬದಲಿಸಿಬಿಡುವಂಥವು, ಮತ್ತು ಯಂತ್ರವನ್ನು 'ಶುಚಿ' ಮಾಡುತ್ತೇವೆಂದು ಹೇಳಿಕೊಳ್ಳುವಂಥವು. ಕೊನೆಯವು ಮನೆಯ ಹಿರಿಯರನ್ನು ಹೆಚ್ಚಾಗಿ ಕಾಡುತ್ತವೆ. ಯಂತ್ರದಲ್ಲಿ ನೂರಾರು ದೋಷಗಳಿವೆ ಎಂದು ಕೆಂಪು ಅಕ್ಷರದಲ್ಲಿ ಹೆದರಿಸಿ, ರಿಪೇರಿಗೆ ವರ್ಷಕ್ಕಿಷ್ಟು ಎಂದು ವಸೂಲಿಗೆ ನಿಲ್ಲುವವು ಅವೇ. ಒಂದು ಡಾಲರು ಕೊಟ್ಟು ಒಳಗೆ ಬಂದವನು ಅದರ ಹತ್ತು ಪಟ್ಟು ಗಳಿಸುವ ಆಸೆಯಿಂದಲೇ ಬಂದಿರುತ್ತಾನೆಂಬುದನ್ನು ಸಂತೆ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಯಾರೋ ಅಡ್ಡದಾರಿಯ ಸಣ್ಣ ಜನ ಮಾತ್ರ ಇದನ್ನು ಮಾಡುತ್ತಾರೆಂದು ತಿಳಿದರೆ ಅದು ತಪ್ಪು ತಿಳಿವಳಿಕೆ. ಜಾವಾ ಎಂಬ ತಂತ್ರಾಂಶವನ್ನು ನಮ್ಮ ಲೆಕ್ಕಪರಿಶೋಧಕರೂ ಗುತ್ತಿಗೆದಾರರೂ ಚೆನ್ನಾಗಿ ಬಲ್ಲರು. ಒಂದು ಕಾಲದಲ್ಲಿ ನಮ್ಮ ದೇಶದ ಅನೇಕ ಸರಕಾರಿ ಜಾಲತಾಣಗಳಲ್ಲಿ ಡಿಜಿಟಲ್ ಸಹಿ ಹಾಕಬೇಕಾದರೆ ಅದು ಬೇಕೇ ಬೇಕಿತ್ತು. ಅದರ ಒಡೆಯರಾದ ಒರೇಕಲ್ ಸಂಸ್ಥೆಯು ವಿಂಡೋಸ್ ಯಂತ್ರಗಳಿಗೆ ಜಾವಾ ಕೊಡುವಾಗ 'ಆಸ್ಕ್' ಎಂಬ ಹುಡುಕುಪಟ್ಟಿಯನ್ನು ಮೊದಲೇ ಗುರುತು ಹಾಕಿದ ಚೌಕದೊಡನೆ ಕೊಡುತ್ತಿತ್ತು. 2013ರ ಜನವರಿಯಲ್ಲಿ ಜಾವಾದಲ್ಲಿ ಗಂಭೀರವಾದ ಭದ್ರತಾ ಲೋಪವೊಂದು ಬಯಲಿಗೆ ಬಂದು, ತಿದ್ದುಪಡಿಯನ್ನು ಬೇಗ ಹಾಕಿಕೊಳ್ಳಿರೆಂದು ಲೋಕವೆಲ್ಲ ಕೂಗಿ ಹೇಳುತ್ತಿದ್ದಾಗಲೂ ಆ ತಿದ್ದುಪಡಿಯ ಕಟ್ಟಿನಲ್ಲಿ ಅದೇ ಚೌಕವಿತ್ತು. ಹಿಂದಿನ ಬಾರಿ ಬೇಡವೆಂದು ಗುರುತು ತೆಗೆದವರಿಗೂ ಮುಂದಿನ ತಿದ್ದುಪಡಿಯಲ್ಲಿ ಗುರುತು ಮತ್ತೆ ಪ್ರತ್ಯಕ್ಷವಾಗುತ್ತಿತ್ತು. ಜಾವಾ ಸ್ಥಾಪನೆ ಮುಗಿದು ಹತ್ತು ನಿಮಿಷಗಳಾಗುವವರೆಗೆ ಆ ಪಟ್ಟಿಯು ಸುಮ್ಮನೆ ಕಾದಿದ್ದು ಆಮೇಲೆ ನೆಲೆಯೂರುತ್ತಿದ್ದುದನ್ನು ಅದೇ ತಿಂಗಳು ಪತ್ರಕರ್ತರು ಪತ್ತೆ ಹಚ್ಚಿದರು. ಹೊಸತಾಗಿ ಬಂದದ್ದೇನೆಂದು ತಕ್ಷಣ ಪಟ್ಟಿ ತೆರೆದು ನೋಡಿದ ಎಚ್ಚರಿಕೆಯವನಿಗೂ ಅದು ಕಾಣುತ್ತಿರಲಿಲ್ಲ. 2015ರಲ್ಲಿ ಆ ಸಂಬಂಧ ಕಳಚಿ, ಯಾಹೂ ಸಂಸ್ಥೆಯೊಡನೆ ಹೊಸ ಒಪ್ಪಂದವಾಯಿತು. ಕೊಸರಿನ ಹೆಸರು ಬದಲಾಯಿತೇ ಹೊರತು ಚೌಕದ ಪದ್ಧತಿ ಆಗಲೇ ನಿಲ್ಲಲಿಲ್ಲ.

ಇದಕ್ಕಿಂತಲೂ ಮನಸ್ಸಿಗೆ ನೋವಾಗುವ ಸಂಗತಿಯೊಂದಿದೆ. ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶವನ್ನು 1995ರಲ್ಲಿ ಅಮೆರಿಕೆಯ ಬರ್ಕಲಿಯ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದರು. ಅಂದಿನಿಂದ ಸ್ವಯಂಸೇವಕರ ದುಡಿಮೆಯಿಂದ ಬೆಳೆದು ಎಲ್ಲರಿಗೂ ಉಚಿತವಾಗಿ ಸಿಗುವಂಥದು ಅದು. ಫೋಟೊ ಸ್ಟುಡಿಯೋದವರಿಗೂ ಲಗ್ನಪತ್ರಿಕೆ ಅಚ್ಚು ಹಾಕುವವರಿಗೂ ಬಲು ಉಪಯೋಗಿ. ಇಂತಹ ಉಚಿತ ತಂತ್ರಾಂಶಗಳ ಉಗ್ರಾಣವೆಂದು ಹೆಸರಾಗಿದ್ದ ಸೋರ್ಸ್‌ಫೋರ್ಜ್ ಎಂಬ ತಾಣವು 2013ರಲ್ಲಿ ಇನ್‌ಸ್ಟಾಲರಿನೊಳಗೆ ಜಾಹೀರಾತುದಾರರ ಸರಕನ್ನು ಸೇರಿಸುವ ಯೋಜನೆಯನ್ನು ತೆರೆಯಿತು. ಅದನ್ನು ಒಪ್ಪದ ಗಿಂಪ್‌ನ ವಿಂಡೋಸ್ ಆವೃತ್ತಿಯವರು ಅದೇ ವರ್ಷ ನವೆಂಬರಿನಲ್ಲಿ ಆ ತಾಣವನ್ನು ಬಿಟ್ಟು ಹೋದರು. 2015ರ ಮೇ ತಿಂಗಳಲ್ಲಿ ನೋಡಿದರೆ, ಅವರು ಬಿಟ್ಟುಹೋದ ಖಾತೆಯನ್ನು ತಾಣದವರೇ ತಮ್ಮ ವಶಕ್ಕೆ ತೆಗೆದುಕೊಂಡು, ಗಿಂಪ್‌ನ ಹೆಸರಿನಲ್ಲಿಯೇ ಜಾಹೀರಾತಿನ ಸರಕು ಸುತ್ತಿದ ಕಟ್ಟನ್ನು ಹಂಚುತ್ತಿದ್ದರು. ಧರ್ಮಕ್ಕೆ ತೆರೆದ ಅರವಟ್ಟಿಗೆಯ ಫಲಕವನ್ನು ಹಾಗೆಯೇ ಇಟ್ಟು ಒಳಗೆ ಬೇರೆಯವರು ವ್ಯಾಪಾರಕ್ಕೆ ಕುಳಿತಂತಾಯಿತು. ಲೋಕದ ನಿಂದೆಗೆ ಗುರಿಯಾಗಿ, 2016ರ ಆರಂಭದಲ್ಲಿ ಒಡೆತನ ಬದಲಾದ ಮೇಲೆ, ಹೊಸ ಒಡೆಯರು ಆ ಯೋಜನೆಯನ್ನೇ ಮುಚ್ಚಿದರು. ಇದಕ್ಕೂ ಮೊದಲು, 2011ರ ಡಿಸೆಂಬರಿನಲ್ಲಿ, ಡೌನ್‌ಲೋಡ್ ಡಾಟ್ ಕಾಮ್ ಎಂಬ ಪ್ರಸಿದ್ಧ ತಾಣವು ಎನ್‌ಮ್ಯಾಪ್ ಎಂಬ ಉಚಿತ ತಂತ್ರಾಂಶವನ್ನು ಅದರ ಕರ್ತೃವಿನ ಅನುಮತಿಯಿಲ್ಲದೆ ತನ್ನ ಹೊದಿಕೆಯಲ್ಲಿ ಸುತ್ತಿ ಕೊಟ್ಟಿತ್ತು. ಕರ್ತೃವು ಬಹಿರಂಗವಾಗಿ ಪ್ರತಿಭಟಿಸಬೇಕಾಯಿತು.

ಒಂದು ಪಟ್ಟಿ ಹೆಚ್ಚಾದರೆ, ನಾಲ್ಕು ಜಾಹೀರಾತು ಕಂಡರೆ ಮುಳುಗಿದ್ದೇನು ಎಂದು ಕೇಳುವವರುಂಟು. ಅವರು ಲೆನೊವೊ ಸಂಸ್ಥೆಯ ಪ್ರಕರಣವನ್ನು ನೆನೆಯಬೇಕು. 2014ರ ಉತ್ತರಾರ್ಧದಲ್ಲಿ ಮಾರಿದ ಕೆಲವು ಬಗೆಯ ಯಂತ್ರಗಳಲ್ಲಿ ಆ ಸಂಸ್ಥೆಯು ಸೂಪರ್‌ಫಿಶ್ ಎಂಬವರ ತಂತ್ರಾಂಶವನ್ನು ಕಾರಖಾನೆಯಲ್ಲಿಯೇ ತುಂಬಿಟ್ಟಿತ್ತು. ಅದರ ಕೆಲಸ ವಸ್ತುಗಳ ಜಾಹೀರಾತನ್ನು ತೋರಿಸುವುದು. ಆ ಕೆಲಸಕ್ಕಾಗಿ ಅದು ಬ್ಯಾಂಕು ಮೊದಲಾದ ತಾಣಗಳ ಜೊತೆಗೆ ನಡೆಯುವ ಗುಪ್ತ ಸಂಭಾಷಣೆಯ ನಡುವೆಯೂ ಬಂದು ನಿಲ್ಲುತ್ತಿತ್ತು. ಬ್ಯಾಂಕಿನಿಂದ ಬಂದ ಮೊಹರು ಹಾಕಿದ ಲಕೋಟೆಯನ್ನು ಮನೆಯೊಳಗಿನ ಆಳೊಬ್ಬನು ಒಡೆದು ಓದಿ, ತನ್ನ ಮೊಹರು ಹಾಕಿ ಯಜಮಾನನ ಕೈಗೆ ಕೊಟ್ಟಂತೆ. ಆ ಕಳ್ಳ ಮೊಹರಿನ ಅಚ್ಚು ಎಲ್ಲ ಯಂತ್ರಗಳಲ್ಲಿಯೂ ಒಂದೇ ಆಗಿತ್ತು. ಅದನ್ನು ಸಂಪಾದಿಸಿದವನು ಬೇರೆಯವರ ಯಂತ್ರದೆದುರು ತಾನೇ ಬ್ಯಾಂಕೆಂದು ನಟಿಸಬಹುದಾಗಿತ್ತು. 2015ರ ಫೆಬ್ರವರಿಯಲ್ಲಿ ಇದು ಬಯಲಾಯಿತು. ತಜ್ಞರು ಆ ಅಚ್ಚನ್ನು ಬಹು ಬೇಗ ಭೇದಿಸಿ ತೋರಿಸಿದರು. ಸಂಸ್ಥೆಯು ತಂತ್ರಾಂಶವನ್ನು ತೆಗೆಯಿತು. 2017ರ ಸೆಪ್ಟೆಂಬರಿನಲ್ಲಿ ಅಮೆರಿಕೆಯ ಫೆಡರಲ್ ವ್ಯಾಪಾರ ಆಯೋಗದೊಡನೆ ರಾಜಿಯಾಗಿ, 32 ರಾಜ್ಯಗಳಿಗೆ 35 ಲಕ್ಷ ಡಾಲರುಗಳನ್ನು ತೆರಬೇಕಾಯಿತು. ನಾವು ಬರಮಾಡಿಕೊಳ್ಳದ ಅತಿಥಿಯ ಕೈಯಲ್ಲಿ ಯಾವ ಕೋಣೆಯ ಬೀಗದ ಕೈ ಇರುತ್ತದೆಂಬುದು ನಮಗೆ ತಿಳಿಯಲಾರದು, ಅಪಾಯವಿರುವುದು ಅಲ್ಲಿ.

ನಮ್ಮ ಮನೆಗಳಲ್ಲಿ ಗಣಕಯಂತ್ರಕ್ಕಿಂತ ಮೊಬೈಲುಗಳೇ ಹೆಚ್ಚಾದ್ದರಿಂದ ಅದರ ಮಾತನ್ನೂ ಆಡಬೇಕು. ಕಡಿಮೆ ಬೆಲೆಯ ಅನೇಕ ಫೋನುಗಳನ್ನು ಮೊದಲ ಬಾರಿ ತೆರೆಯುವಾಗ ಆಟಗಳು, ಅಂಗಡಿಗಳು, ಸುದ್ದಿಗಳು ಎಂದು ಸಾಲು ಸಾಲು ಆ್ಯಪ್‌ಗಳು ಗುರುತು ಹಾಕಿಕೊಂಡೇ ಎದುರು ನಿಲ್ಲುತ್ತವೆ. ದೊಡ್ಡ ಪ್ರಮಾಣದಲ್ಲಿ ಇಂತಹುದೇ ಪ್ರಶ್ನೆ ನಮ್ಮ ದೇಶದ ಸ್ಪರ್ಧಾ ಆಯೋಗದ ಮುಂದೆಯೂ ಬಂದಿತು. ಆಂಡ್ರಾಯ್ಡ್ ಫೋನುಗಳಲ್ಲಿ ತನ್ನ ಆ್ಯಪ್‌ಗಳ ಇಡೀ ಕಟ್ಟನ್ನು ಕಡ್ಡಾಯವಾಗಿ ತುಂಬಿಸುತ್ತಿದ್ದುದೂ ಸೇರಿ ಹಲವು ಕಾರಣಗಳಿಗಾಗಿ, 2022ರ ಅಕ್ಟೋಬರಿನಲ್ಲಿ ಆಯೋಗವು ಗೂಗಲ್ ಸಂಸ್ಥೆಗೆ 1,337.76 ಕೋಟಿ ರೂಪಾಯಿಗಳ ದಂಡ ವಿಧಿಸಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ಕೆಲವು ನಿರ್ದೇಶನಗಳನ್ನು ಬದಿಗಿರಿಸಿದರೂ ದಂಡವನ್ನು ಎತ್ತಿಹಿಡಿಯಿತು. ಫೋನು ತಯಾರಿಸುವವರಿಗೆ ಬೇಕಾದ ಆ್ಯಪ್‌ಗಳನ್ನು ಬಿಡಿ ಬಿಡಿಯಾಗಿ ಪಡೆಯುವ ಅವಕಾಶವನ್ನು ಭಾರತದಲ್ಲಿ ಕೊಡುವುದಾಗಿ ಸಂಸ್ಥೆಯು ಅದೇ ವರ್ಷದ ಜನವರಿಯಲ್ಲಿ ಸಾರಿತ್ತು.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ಕೇಳುವುದು ನ್ಯಾಯ. ತಂತ್ರಾಂಶವನ್ನು ಉಚಿತವಾಗಿ ಕೊಡುವವನಿಗೂ ಹೊಟ್ಟೆಯಿದೆ. ಬಳಸುವವರು ಒಂದು ಕಾಸನ್ನೂ ಕೊಡದಿರುವಾಗ ಅವನು ಜಾಹೀರಾತಿನವರನ್ನು ಆಶ್ರಯಿಸಿದರೆ ಅದು ಮಹಾಪರಾಧವೇ? ಅಲ್ಲವೆಂದೇ ನಮ್ಮ ಉತ್ತರ. ಅವನು ಚೌಕವನ್ನು ಖಾಲಿ ಬಿಟ್ಟು, 'ಇದನ್ನೂ ತೆಗೆದುಕೊಂಡರೆ ನನಗೆ ನಾಲ್ಕು ಕಾಸು ಸಿಗುತ್ತದೆ' ಎಂದು ಬಾಯಿಬಿಟ್ಟು ಕೇಳಲಿ. ಮನಸ್ಸಿದ್ದವರು ಗುರುತು ಹಾಕುತ್ತಾರೆ. ಆಗ ಅದು ವ್ಯವಹಾರವೂ ಹೌದು, ಉಪಕಾರವೂ ಹೌದು. ನಮ್ಮ ಆಕ್ಷೇಪಣೆ ಜೊತೆಗೊಂದು ವಸ್ತು ಕೊಡುವುದರ ಮೇಲಲ್ಲ, ಕೇಳದೆ ಗುರುತು ಹಾಕುವುದರ ಮೇಲೆ. ಖಾಲಿ ಚೌಕಕ್ಕೂ ತುಂಬಿದ ಚೌಕಕ್ಕೂ ನಡುವೆ ಇರುವುದು ಒಂದು ಸಣ್ಣ ಗೆರೆಯೇ ಆದರೂ, ಅದನ್ನು ಎಳೆಯುವ ಅಧಿಕಾರ ಮನೆಯವರದು.

ನಮ್ಮ ಕೃಷ್ಣಾತೀರದ ಕಬ್ಬು ಬೆಳೆಗಾರರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಯೂರಿಯಾ ಚೀಲ ಕೇಳಲು ಹೋದವನ ಮುಂದೆ ಬೇಡದ ಔಷಧದ ಬಾಟಲಿಯೊಂದನ್ನು ಇಟ್ಟು, ಎರಡನ್ನೂ ಒಯ್ದರೆ ಮಾತ್ರ ಚೀಲ ಎನ್ನುವ ಪದ್ಧತಿಗೆ ಈ ಭಾಗದಲ್ಲಿ 'ಲಿಂಕಿಂಗ್' ಎಂದೇ ಹೆಸರು. ಅದು ಕೂಡದೆಂದು ಕೇಂದ್ರ ಸರಕಾರವೂ ರಾಜ್ಯ ಸರಕಾರಗಳೂ ಮತ್ತೆ ಮತ್ತೆ ಎಚ್ಚರಿಕೆ ಕೊಟ್ಟಿವೆ. ಅಲ್ಲಿ ರೈತನಿಗೆ ಬಾಟಲಿ ಕಣ್ಣಿಗೆ ಕಾಣುತ್ತದೆ, ಬಿಲ್ಲಿನಲ್ಲಿ ಅದರ ಬೆಲೆಯೂ ಕಾಣುತ್ತದೆ, ಜಗಳವಾಡಲಿಕ್ಕಾದರೂ ಆಸ್ಪದವಿದೆ. ಇನ್‌ಸ್ಟಾಲರಿನ ಲಿಂಕಿಂಗಿನಲ್ಲಿ ಬಾಟಲಿಯೂ ಕಾಣದು, ಬೆಲೆಯೂ ಕಾಣದು. ಬೆಲೆಯನ್ನು ತೆರುವುದು ಹಣದಿಂದಲ್ಲ. ಯಂತ್ರ ಮಂದವಾಗುವುದರಿಂದ, ಡಾಟಾ ಬೇಗ ಮುಗಿಯುವುದರಿಂದ, ನಾವು ಏನನ್ನು ಹುಡುಕಿದೆವು, ಏನನ್ನು ನೋಡಿದೆವು ಎಂಬ ವಿವರ ಅಪರಿಚಿತರ ಕೈ ಸೇರುವುದರಿಂದ ಅದನ್ನು ತೆರುತ್ತೇವೆ.

'ಮೌನಂ ಸಮ್ಮತಿ ಲಕ್ಷಣಂ' ಎಂಬ ಹಳೆಯ ಮಾತೊಂದುಂಟು. ಹೆಣ್ಣು ನೋಡುವ ಶಾಸ್ತ್ರದಲ್ಲಿ ನಾಚಿ ಸುಮ್ಮನಿದ್ದ ಹುಡುಗಿಗೆ ಅದನ್ನು ಅನ್ವಯಿಸುತ್ತಿದ್ದರು. ಅಲ್ಲಿಯೂ ಈಗ ಬಾಯಿಬಿಟ್ಟು ಕೇಳಿ ತಿಳಿಯುವುದೇ ಸರಿಯೆಂಬ ವಿವೇಕ ಬಂದಿದೆ. ಮದುವೆಯಲ್ಲಿಯೇ ಸಲ್ಲದ ಆ ಸೂತ್ರವನ್ನು ವ್ಯಾಪಾರದಲ್ಲಿ ಸಲ್ಲಿಸುವುದು ಹೇಗೆ? ಮೌನವು ಸಮ್ಮತಿಯಾಗಬೇಕಾದರೆ ಸುಮ್ಮನಿದ್ದವನಿಗೆ ಪ್ರಶ್ನೆಯಾದರೂ ತಿಳಿದಿರಬೇಕು. ಪ್ರಶ್ನೆಯೇ ಅವನಿಗೆ ಬಾರದ ಭಾಷೆಯಲ್ಲಿದ್ದಾಗ ಆ ಮೌನಕ್ಕೆ ಅರ್ಥವಿಲ್ಲ. ಇಂಗ್ಲಿಷ್ ಓದಿ ಬಲ್ಲವನು ಅವಸರದಿಂದ ಮೋಸಹೋಗುತ್ತಾನೆ. ಬಾರದವನಿಗೆ ಅವಸರವಿಲ್ಲದಿದ್ದರೂ ಅದೇ ಗತಿ. ಗಡಿಯಾಚೆಯ ಕನ್ನಡ ಮನೆಗಳಿಗೆ ಈ ವಿಷಯ ವಿಶೇಷವಾಗಿ ತಟ್ಟುವುದು ಈ ಕಾರಣದಿಂದ.

ಸಮಾಧಾನದ ಸಂಗತಿಯೆಂದರೆ, ಕಾಯಿದೆಯೂ ನಿಧಾನವಾಗಿ ಈ ಕಡೆಗೆ ತಿರುಗುತ್ತಿದೆ. ಮೊಬೈಲಿನಲ್ಲಿ ಕೇಳದೆ ಹಾಡುಗಳನ್ನು ಹಚ್ಚಿ ಹಣ ಮುರಿದುಕೊಳ್ಳುತ್ತಿದ್ದ ದಿನಗಳನ್ನು ಓದುಗರು ಮರೆತಿರಲಾರರು. 2013ರ ಜುಲೈಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಅಂತಹ ಸೇವೆಗೆ ಗಿರಾಕಿಯಿಂದ ಎರಡನೆಯ ಬಾರಿಯೂ ಸ್ಪಷ್ಟ ಒಪ್ಪಿಗೆ ಪಡೆಯಲೇಬೇಕೆಂದು ನಿರ್ದೇಶನ ನೀಡಿತು. 2020ರ ಜುಲೈ 23ರಂದು ಪ್ರಕಟವಾದ ಇ-ವಾಣಿಜ್ಯ ನಿಯಮಗಳಲ್ಲಿ, ಕೊಳ್ಳುವವರ ಒಪ್ಪಿಗೆಯನ್ನು ಮೊದಲೇ ಗುರುತು ಹಾಕಿದ ಚೌಕಗಳ ಮೂಲಕ ದಾಖಲಿಸಿಕೊಳ್ಳಬಾರದೆಂದು ಸ್ಪಷ್ಟವಾಗಿ ಹೇಳಿದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಗಿರಾಕಿಯನ್ನು ದಾರಿ ತಪ್ಪಿಸುವ 13 ಬಗೆಯ ಕುಟಿಲ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿತು. ಸಂಬಂಧವಿಲ್ಲದ ಸೇವೆಗೆ ಒತ್ತಾಯದಿಂದ ಸೇರಿಸುವುದು, ಬೇಕಾದ ಗುಂಡಿಯನ್ನು ಮಸುಕಾಗಿಸಿ ಬೇರೆಯದನ್ನು ಹೊಳೆಯಿಸುವುದು, ಜಾಹೀರಾತಿಗೆ ಬೇರೆ ವೇಷ ತೊಡಿಸುವುದು ಆ ಪಟ್ಟಿಯಲ್ಲಿವೆ.

ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ. ವ್ಯಕ್ತಿಯ ವಿವರಗಳನ್ನು ಬಳಸಲು ಪಡೆಯುವ ಸಮ್ಮತಿಯು ಸ್ವತಂತ್ರವೂ ನಿರ್ದಿಷ್ಟವೂ ಆಗಿದ್ದು, ವಿಷಯ ತಿಳಿದು, ಸ್ಪಷ್ಟವಾದ ಕ್ರಿಯೆಯಿಂದ ಕೊಟ್ಟದ್ದಾಗಿರಬೇಕೆಂದು ಅದು ವಿಧಿಸುತ್ತದೆ. ಅಷ್ಟೇ ಅಲ್ಲ, ಸಮ್ಮತಿ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾಗಲಿ ಓದುವ ಆಯ್ಕೆಯನ್ನು ಜನರಿಗೆ ಕೊಡಬೇಕೆನ್ನುತ್ತದೆ. ಆ 22ರಲ್ಲಿ ಕನ್ನಡವೂ ಒಂದು. ಈ ಹಕ್ಕು ಯಾವ ರಾಜ್ಯದಲ್ಲಿ ವಾಸವಾಗಿದ್ದೇವೆಂಬುದನ್ನು ಅವಲಂಬಿಸಿಲ್ಲ. ಅಕಿವಾಟದ ಕನ್ನಡಿಗನಿಗೂ ಅಥಣಿಯ ಕನ್ನಡಿಗನಿಗೂ ಅದು ಸಮಾನ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಸಮ್ಮತಿಗೆ ಸಂಬಂಧಿಸಿದ ಭಾಗಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಅವಧಿಯನ್ನು ಗೊತ್ತುಪಡಿಸಲಾಗಿದೆ. ಆದರೆ ಕಾಯಿದೆಯು ಪುಸ್ತಕದಲ್ಲಿದ್ದ ಮಾತ್ರಕ್ಕೆ ಕನ್ನಡದ ಸೂಚನೆ ಪರದೆಯ ಮೇಲೆ ತಾನಾಗಿ ಮೂಡುವುದಿಲ್ಲ, ಕೇಳುವವರಿರಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಕನ್ನಡದಲ್ಲಿಯೂ ದೂರು ಹೇಳಬಹುದು. ಹಣ ಕಳೆದುಕೊಂಡವರು, ಮೋಸಹೋದವರು ನಾಚಿ ಸುಮ್ಮನಿರದೆ ಇದನ್ನು ಉಪಯೋಗಿಸಬೇಕೆಂದು ಸೂಚಿಸುತ್ತೇವೆ.

ಕಾಯಿದೆಯ ಕೈ ತಲುಪುವವರೆಗೆ ಮನೆಯ ಕಾವಲು ಮನೆಯವರದೇ. ಅದಕ್ಕೆ ಬೇಕಾದ ನಡತೆ ಕಠಿಣವಾದುದೇನಲ್ಲ. ತಂತ್ರಾಂಶವನ್ನು ಅದನ್ನು ತಯಾರಿಸಿದವರ ಸ್ವಂತ ತಾಣದಿಂದಲೇ ಪಡೆಯಬೇಕು. ಹುಡುಕಿದಾಗ ಮೊದಲು ಕಾಣುವ ತಾಣ ಅದೇ ಆಗಿರಬೇಕೆಂದಿಲ್ಲ. ದೊಡ್ಡ ಹಸಿರು ಗುಂಡಿಯಲ್ಲಿ 'ಡೌನ್‌ಲೋಡ್' ಎಂದು ಬರೆದಿರುವುದು ಎಷ್ಟೋ ಸಲ ಬರಿಯ ಜಾಹೀರಾತು. 'ಎಕ್ಸ್‌ಪ್ರೆಸ್' ದಾರಿಯನ್ನು ಬಿಟ್ಟು 'ಕಸ್ಟಮ್' ದಾರಿಯನ್ನು ಹಿಡಿಯಬೇಕು. ಹೆಸರಿಗೆ ಅಂಜಬೇಕಾಗಿಲ್ಲ, ಅಲ್ಲಿ ಕಾಣುವುದು ಇನ್ನೆರಡು ಪುಟಗಳಷ್ಟೇ. ಗುರುತು ಹಾಕಿದ ಚೌಕ ಕಂಡಲ್ಲಿ ನಿಲ್ಲಬೇಕು, ನಾವು ಬಯಸಿದ ತಂತ್ರಾಂಶದ ಹೆಸರಲ್ಲದೆ ಬೇರೆ ಹೆಸರಿದ್ದರೆ ಗುರುತನ್ನು ತೆಗೆಯಬೇಕು. 'ಡಿಕ್ಲೈನ್' ಅಥವಾ 'ಸ್ಕಿಪ್' ಎಂದು ಒತ್ತಿದರೆ ಸಾಮಾನ್ಯವಾಗಿ ತಪ್ಪುವುದು ಕೊಸರು ಮಾತ್ರ, ಮೂಲ ವಸ್ತು ಬಂದೇ ಬರುತ್ತದೆ. ಎಲ್ಲ ಮುಗಿದ ಮೇಲೆ, ಮತ್ತು ಮರುದಿನ ಇನ್ನೊಮ್ಮೆ, ಯಂತ್ರದ ತಂತ್ರಾಂಶಗಳ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ನೋಡಿ, ಪರಿಚಯವಿಲ್ಲದ ಹೊಸಬರನ್ನು ಹೊರಗೆ ಹಾಕಬೇಕು. ವಿಂಡೋಸಿನ ರಕ್ಷಣಾ ವ್ಯವಸ್ಥೆಯಲ್ಲಿ ಬೇಡವಾದ ತಂತ್ರಾಂಶಗಳನ್ನು ತಡೆಯುವ ಏರ್ಪಾಡಿದೆ. ಅದು ತೆರೆದಿದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು.

ಕನ್ನಡದಲ್ಲಿ ಬರೆಯಲು ಬಯಸುವವರಿಗೆ ಇನ್ನೊಂದು ಮಾತು. ಹೊಸ ಯಂತ್ರ ಮನೆಗೆ ಬಂದೊಡನೆ ನಮ್ಮವರು ಹುಡುಕುವುದು ಕನ್ನಡ ಅಕ್ಷರಗಳನ್ನು. ಲಗ್ನಪತ್ರಿಕೆ ಬರೆಯಲು, ಬಂಧುಗಳಿಗೆ ಪತ್ರ ಬರೆಯಲು, ಇಂತಹ ಮಾಸಪತ್ರಿಕೆಗಳಿಗೆ ಲೇಖನ ಕಳಿಸಲು ಅವು ಬೇಕು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ'ವೂ, ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಬಂದು ಈ ಕೊರತೆಯನ್ನು ನೀಗಿದ್ದು ಕನ್ನಡಿಗರೆಲ್ಲ ನೆನೆಯತಕ್ಕ ಉಪಕಾರ. ಹೀಗೆ ಜನ ಬಯಸಿ ಹುಡುಕುವ ಹೆಸರುಗಳನ್ನೇ ಮಧ್ಯವರ್ತಿ ತಾಣಗಳು ಗಾಳಕ್ಕೆ ಸಿಕ್ಕಿಸುವುದರಿಂದ, ಅವನ್ನು ಮೂಲ ತಾಣದಿಂದಲ್ಲದೆ ಪಡೆಯಬಾರದು. ಇನ್ನು ಎಷ್ಟೋ ಮಂದಿಗೆ ಏನನ್ನೂ ಇಳಿಸುವ ಅಗತ್ಯವೇ ಇಲ್ಲ. ವಿಂಡೋಸಿನಲ್ಲಿ ಕನ್ನಡದ ಕೀಲಿಮಣೆ ಅಡಕವಾಗಿಯೇ ಇದೆ. 2019ರಿಂದೀಚೆಗೆ ಇಂಗ್ಲಿಷ್ ಅಕ್ಷರಗಳನ್ನು ಒತ್ತಿ ಕನ್ನಡ ಮೂಡಿಸುವ ಕೀಲಿಮಣೆಯೂ ಸೇರಿದೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಆರಿಸಿಕೊಂಡರೆ ಸಾಕು.

ಕೊನೆಯದಾಗಿ ಒಂದು ಸಲಹೆ. ಮನೆಯಲ್ಲಿ ಹೊಸ ತಂತ್ರಾಂಶವನ್ನು ಹಾಕುವ ಕೆಲಸವನ್ನು ಒಬ್ಬರೇ ಕುಳಿತು ಮಾಡದೆ ಇಬ್ಬರು ಕೂಡಿ ಮಾಡುವ ರೂಢಿಯನ್ನು ಹಾಕಿಕೊಳ್ಳಬೇಕು. ಕಲಿತ ಮಗನೋ ಮಗಳೋ ಪರದೆಯ ಮೇಲಿನ ಸಾಲನ್ನು ಗಟ್ಟಿಯಾಗಿ ಓದಿ, ಅದರ ಅರ್ಥವನ್ನು ಕನ್ನಡದಲ್ಲಿ ಹೇಳಲಿ. ಬೇಕೋ ಬೇಡವೋ ಎಂಬುದನ್ನು ಹಿರಿಯರು ತೀರ್ಮಾನಿಸಲಿ. ಮಕ್ಕಳಿಗೆ ಇಂಗ್ಲಿಷ್ ಗೊತ್ತು, ಹಿರಿಯರಿಗೆ ವ್ಯಾಪಾರ ಗೊತ್ತು. ಈ ಕೊಸರನ್ನು ಗುರುತಿಸಲು ಎರಡೂ ಬೇಕು. ಒಂದು ಸ್ಥಾಪನೆಗೆ ಇದರಿಂದ ಐದು ನಿಮಿಷ ಹೆಚ್ಚು ಹಿಡಿದೀತು. ಮಕ್ಕಳಿಗೆ ಓದದೆ ಒಪ್ಪಬಾರದೆಂಬ ಪಾಠವೂ, ಹಿರಿಯರಿಗೆ ತಿಳಿಯದ್ದನ್ನು ಕೇಳುವುದರಲ್ಲಿ ಅವಮಾನವಿಲ್ಲವೆಂಬ ಧೈರ್ಯವೂ ಅದರಿಂದ ದೊರೆಯುತ್ತವೆ. ಮುಂದೆ ಸೊಸಾಯಿಟಿಯ ಸಾಲಪತ್ರಕ್ಕೆ ಸಹಿ ಹಾಕುವಾಗಲೂ, ವಿಮೆಯ ಅರ್ಜಿ ತುಂಬುವಾಗಲೂ ಆ ರೂಢಿ ಮನೆಯನ್ನು ಕಾಯುವುದೆಂದು ನಾವು ನಂಬಿದ್ದೇವೆ.